ಗೇರ್‌ಬಾಕ್ಸ್ ಎಣ್ಣೆ: ಜಿಎಲ್-4 ಹಾಕೋದಾ, ಜಿಎಲ್-5 ಹಾಕೋದಾ?

ಸ್ಪೋರ್ಟ್ಸ್ ಕಾರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್ ಎಣ್ಣೆಯನ್ನು ಮನೆಯಲ್ಲೇ ಬದಲಿಸಲು ಹೊರಟವರು ಬಳ್ಳಾರಿಯಲ್ಲಿ ಮೊದಲು ಎಡವುವುದು ಅಂಗಡಿಯಲ್ಲಿ. ಜಿಎಲ್-4, ಜಿಎಲ್-5 ಅಂದರೆ ಗೇರ್ ಎಣ್ಣೆಯ ಎರಡು ದರ್ಜೆಗಳು. ಅದಿರು ಲಾರಿಗಳ ಊರು ನಮ್ಮದು. ಅವುಗಳ ಹಿಂದಿನ ಆಕ್ಸಲ್‌ಗೆ ಹಾಕುವ ಜಿಎಲ್-5 ಕೇಳಿದ ಕೂಡಲೇ ಸಿಗುತ್ತದೆ. ಜಿಎಲ್-4ಕ್ಕಾಗಿ ನಾನು ಮೂರು ಅಂಗಡಿ ಸುತ್ತಿದ್ದೇನೆ.

ನಂಬರ್ ದೊಡ್ಡದಿದ್ದರೆ ಎಣ್ಣೆ ಮೇಲು ಅಂತಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರ್ಪಡೆ ಹೆಚ್ಚು. ಆಕ್ಸಲ್ ನಡುವೆ ಕೂತು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿಕ್ಕುವಾಗ ಕಾಪಾಡುವುದು ಅದೇ. ಗೇರ್ ಬೀಳುವ ಮುನ್ನ ವೇಗ ಸರಿಹೊಂದಿಸುವ, ಗೇರ್‌ಬಾಕ್ಸ್‌ನ ಹಿತ್ತಾಳೆ ಸಿಂಕ್ರೊ ರಿಂಗ್‌ಗಳ ಕಥೆ ಬೇರೆ: ಅವು ಕೆಲಸ ಮಾಡಲು ಘರ್ಷಣೆ ಬೇಕು. ಎಣ್ಣೆ ಅತಿಯಾಗಿ ಜಾರಿದರೆ ಗೇರ್ ಬದಲಿಸುವಾಗ ಕರ್ರ್ ಅನ್ನುತ್ತದೆ. ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನೇ ತಿನ್ನುತ್ತವೆ. ಕಾರಿನ ಕೈಪಿಡಿ ಜಿಎಲ್-4 ಅಂದರೆ ಒಂದು ವಾರ ಕಾದಾದರೂ ಅದನ್ನೇ ತರಿಸಿ. ಎರಡೂ ನಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಜಿಎಲ್-5ರ ಮಾತು. ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆಂದು ಕೈಪಿಡಿ ಹೇಳಿದ ದಪ್ಪದ ಎಣ್ಣೆ (75ಡಬ್ಲ್ಯೂ-90 ಥರದ್ದು) ಬಿಟ್ಟು ಇನ್ನೂ ಗಟ್ಟಿ ಎಣ್ಣೆಗೂ ಹೋಗಬೇಡಿ.

ಯಾವುದೇ ಇರಲಿ, ಕಾರು ನಾಲ್ಕು ಸ್ಟ್ಯಾಂಡ್ ಮೇಲೆ ಸಮವಾಗಿ ನಿಂತಿರಲಿ. ತುಂಬುವ ಪ್ಲಗ್ ಸುತ್ತ ಅಂಟಿದ ಕೆಂಧೂಳನ್ನು ಬ್ರಷ್‌ನಲ್ಲಿ ಉಜ್ಜಿ, ಅದನ್ನೇ ಮೊದಲು ಸಡಿಲಿಸಿ. ಅದು ಬಿಚ್ಚದಿದ್ದರೆ ಎಣ್ಣೆ ಬಸಿಯುವ ಕೆಳಗಿನ ಪ್ಲಗ್ ಮುಟ್ಟಲೇಬೇಡಿ; ಬಸಿದ ಮೇಲೆ ಹೊಸ ಎಣ್ಣೆ ತುಂಬಲು ದಾರಿ ಇರುವುದಿಲ್ಲ. ಕೆಳಗಿನ ಪ್ಲಗ್‌ನ ಮ್ಯಾಗ್ನೆಟ್‌ಗೆ ಬೂದುಬಣ್ಣದ ಕೆನೆಯಂಥ ಪುಡಿ ಮೆತ್ತಿದ್ದರೆ ಸಹಜ. ಉಗುರಿಗೆ ಸಿಗುವ ಚೂರು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ.