ಚಿಗಟ ಹತ್ತಿದ ಎಳೆಯ ಬೆಕ್ಕಿನ ಮರಿಗೆ ಬಾಚಣಿಗೆಯೇ, ಹನಿ ಔಷಧಿಯೇ?

8 ವಾರ ತುಂಬದ ಮರಿಗೆ ನನ್ನ ಆಯ್ಕೆ ಹೇನು ಬಾಚಣಿಗೆಯೇ. ಉಗುರುಬೆಚ್ಚಗಿನ ನೀರಿನಿಂದ ಮೈ ಒದ್ದೆ ಮಾಡಿ, ಕುತ್ತಿಗೆ ಮತ್ತು ಬಾಲದ ಬುಡವನ್ನು ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ, ಮರಿಯನ್ನು ಕೂಡಲೇ ಒರೆಸಿ ಬೆಚ್ಚಗಿಡಬೇಕು. ದಿನವೂ ಮಾಡಬೇಕಾದ ಕೆಲಸವಾದರೂ ಇದರಲ್ಲಿ ವಿಷದ ಭಯವಿಲ್ಲ. ಚರ್ಮದ ಮೇಲೆ ಹಾಕುವ ಸೆಲಮೆಕ್ಟಿನ್ ಅಥವಾ ಫಿಪ್ರೊನಿಲ್ ಎಂಬ ಚಿಗಟನಾಶಕ ಹನಿಗಳು ಸುಮಾರು ಒಂದು ತಿಂಗಳು ಕೆಲಸ ಮಾಡುತ್ತವೆ, ಆದರೆ ಅವನ್ನು ಸಾಮಾನ್ಯವಾಗಿ 8 ವಾರ ತುಂಬಿದ ಮೇಲೆ, ತೂಕ ನೋಡಿ, ಪಶುವೈದ್ಯರು ಹೇಳಿದಂತೆಯೇ ಬಳಸಬೇಕು. ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಎಂಬ ಚಿಗಟನಾಶಕ ಮಾತ್ರ ಒಂದು ಹನಿಯೂ ಬೇಡ: ಬೆಕ್ಕಿನ ದೇಹ ಅದನ್ನು ಅರಗಿಸಿಕೊಳ್ಳಲಾರದೆ ನಡುಕ, ಸೆಳೆತ, ಸಾವೂ ಸಂಭವಿಸಬಹುದು. ಯಾವುದನ್ನು ಆರಿಸಿದರೂ ಹಾಸಿಗೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಸಡು ಬಿಳಿಚಿಕೊಂಡು ಮರಿ ಸೊರಗಿದ್ದರೆ ರಕ್ತಹೀನತೆಯಿರಬಹುದು. ಆಗ ಮನೆಯಲ್ಲಿ ಕಾಯದೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.