ಕುತ್ತಿಗೆ ನರ ಅಂದರು, ಕೈ ಮುಟ್ಟಿ ನೋಡಲೇ ಇಲ್ಲ

ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ನಮ್ಮನ್ನು ಓದಿಸಿದವಳು ನಮ್ಮವ್ವ. ಹೋದ ವರ್ಷ ಬೇಸಿಗೆಯಲ್ಲಿ ಅವಳ ಬಲಗೈ ಜೋಮು ಹಿಡಿಯಲು ಶುರುವಾಯಿತು. ಕುತ್ತಿಗೆಯೂ ನೋಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೈ ಜಾಡಿಸುತ್ತಾ ಕೂರುತ್ತಿದ್ದಳು.

ಒಂದು ಖಾಸಗಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎರಡು ಮಾತು ಕೇಳಿ ಎಂಆರ್‌ಐ ಬರೆದರು. ಕುತ್ತಿಗೆಯ 5 ಮತ್ತು 6ನೇ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ರಿಪೋರ್ಟು ಬಂತು. "ಕುತ್ತಿಗ್ಯಾಗ ನರ ಒತ್ತ್ಯಾದ" ಅಂದರು. ಕುತ್ತಿಗೆ ಪಟ್ಟಿ, ಗುಳಿಗೆ, ಕುತ್ತಿಗೆ ಎಳೆಯುವ ಟ್ರಾಕ್ಷನ್. ನಾಲ್ಕು ತಿಂಗಳು! 42 ಡಿಗ್ರಿ ಬಿಸಿಲಲ್ಲಿ ಆ ಪಟ್ಟಿ ಕಟ್ಟಿಕೊಂಡೇ ಒಲೆ ಮುಂದೆ ಕೂತಳು. ಕೈ ಇನ್ನೂ ಸೋತಿತು. ಅಷ್ಟು ದಿನದಲ್ಲಿ ಒಬ್ಬರೂ ಅವಳ ಕೈ ಹಿಡಿದು ನೋಡಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಕೊನೆಗೆ ಬೇರೊಬ್ಬ ನರದ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನ್ ಚೀಲದಿಂದ ತೆಗೆಯುವ ಮೊದಲೇ ಅವರು ಕೇಳಿದರು: "ಯಾವ್ಯಾವ ಬೆರಳು ಜೋಮ್ ಹಿಡೀತಾವ ಅವ್ವಾರ?"

ಹೆಬ್ಬೆರಳು, ತೋರುಬೆರಳು, ನಡುಬೆರಳು, ಆಮೇಲೆ ಉಂಗುರ ಬೆರಳಿನ ಒಂದು ಬದಿ ಮಾತ್ರ. ಕಿರುಬೆರಳ ಕಡೆಯ ಬದಿ ಚೆನ್ನಾಗಿಯೇ ಇತ್ತು. ಒಂದೇ ಬೆರಳು ಹೀಗೆ ಅರ್ಧರ್ಧ ಆದರೆ ಮಣಿಕಟ್ಟಿನ ನರದ ಮೇಲೆ ಅನುಮಾನ ಪಡಬೇಕಂತೆ.

ಆಮೇಲೆ ಅವ್ವನ ತಲೆಯನ್ನು ನೋವಿರುವ ಕಡೆಗೆ ವಾಲಿಸಿ, ತುಸು ಹಿಂದಕ್ಕೆ ಬಾಗಿಸಿ, ನೆತ್ತಿಯನ್ನು ಮೆಲ್ಲಗೆ ಒತ್ತಿದರು. ಕುತ್ತಿಗೆಯಲ್ಲಿ ನರ ಒತ್ತಿದ್ದರೆ ಆಗ ಹಲವರಿಗೆ ನೋವು ತೋಳಿಗೆ ಇಳಿಯುತ್ತದೆ. ಅವ್ವನಿಗೆ ಇಳಿಯಲಿಲ್ಲ. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಬಿದ್ದು ಪೆಟ್ಟಾದವರಿಗಂತೂ ಬೇಡವೇ ಬೇಡ.) ಮೊಣಕೈ ನೇರ ಮಾಡಿ ತಳ್ಳಿಸಿದರು, ಬಲ ಸರಿಯಿತ್ತು. ಸಣ್ಣ ಸುತ್ತಿಗೆಯಿಂದ ಮೊಣಕೈ ಹಿಂದೆ ತಟ್ಟಿದರು, ಎರಡೂ ಕೈ ಒಂದೇ ಥರ ಚಿಮ್ಮಿದವು. ಹೆಬ್ಬೆರಳ ಬುಡದ ಮಾಂಸ ಮಾತ್ರ ಬತ್ತಿತ್ತು. ದಿನಾ ಆ ಕೈಯ ರೊಟ್ಟಿ ತಿನ್ನುವ ನನಗೇ ಅದು ಕಂಡಿರಲಿಲ್ಲ.

ಕೊನೆಗೆ ಎರಡೂ ಮಣಿಕಟ್ಟು ಮಡಚಿ, ಹಿಂಗೈಗಳನ್ನು ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಅರ್ಧ ನಿಮಿಷಕ್ಕೇ ಅವ್ವ "ಬಂತ್ರೀ, ಅದೇ ಜೋಮು" ಅಂದಳು. ನರದ ಕರೆಂಟು ಪರೀಕ್ಷೆಯಲ್ಲೂ ಅದೇ ಬಂತು. ನರ ಒತ್ತಿದ್ದು ಮಣಿಕಟ್ಟಿನಲ್ಲಿ, ಕುತ್ತಿಗೆಯಲ್ಲಲ್ಲ. ವಯಸ್ಸಾದಂತೆ ಡಿಸ್ಕ್ ಉಬ್ಬುವುದು ನೋವೇ ಇಲ್ಲದ ಎಷ್ಟೋ ಜನರಲ್ಲೂ ಕಾಣುತ್ತದಂತೆ.

ಅದಕ್ಕೇ ಹೇಳುತ್ತಿದ್ದೇನೆ. ಬಲ, ಸ್ಪರ್ಶ, ಸುತ್ತಿಗೆ ಪರೀಕ್ಷೆ ಯಾವುದೂ ಇಲ್ಲದೆ ಬರೀ ಸ್ಕ್ಯಾನ್ ನೋಡಿ ಕುತ್ತಿಗೆ ನರ ಎಂದರೆ, "ಒಂದ್ಸಲ ಕೈ ನೋಡ್ರಿ ಸರ್" ಎಂದು ಕೇಳಿ. ನಿಜಕ್ಕೂ ಕುತ್ತಿಗೆ ನರವೇ ಆಗಿದ್ದರೆ ಕೈಯನ್ನು ತಲೆ ಮೇಲೆ ಇಟ್ಟುಕೊಂಡಾಗ ಹಲವರಿಗೆ ಹಾಯೆನಿಸುತ್ತದೆ. ಸಾಮಾನ್ಯವಾಗಿ ಕುತ್ತಿಗೆಯ 6ನೇ ನರ ಒತ್ತಿದರೆ ಜೋಮು ಹೆಬ್ಬೆರಳಿಗೆ, 7ನೇದು ಒತ್ತಿದರೆ ನಡುಬೆರಳಿಗೆ, 8ನೇದು ಒತ್ತಿದರೆ ಕಿರುಬೆರಳಿಗೆ. ಕುತ್ತಿಗೆ ನರದ ನೋವು ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಆದರೆ ನಡಿಗೆ ತೂರಾಡಿದರೆ, ಗುಂಡಿ ಹಾಕಲು ಬರದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ. ಅದು ಬೆನ್ನುಹುರಿಯೇ ಒತ್ತಿದ ಲಕ್ಷಣ ಇರಬಹುದು.

ಅವ್ವನ ಮಣಿಕಟ್ಟಿಗೆ ಆಪರೇಷನ್ ಆಯಿತು. ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಬತ್ತಿದ ಮಾಂಸ ಮಾತ್ರ ಮರಳಿಲ್ಲ. ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಲು ಎಡಗೈ ಬಳಸುತ್ತಾಳೆ.