“ಹೆಣ್ಣೇ ಅಲ್ವಾ? ಆಪರೇಷನ್ ಆಗಿಲ್ಲ ತಾನೆ?” ಅಂತ ಕೇಳಿದವರಿಗೆ ನಾಯಿ ಕೊಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ಸಿಕ್ಕ ಜಾತಿ ನಾಯಿಯನ್ನು, ಅದರಲ್ಲೂ ಹೆಣ್ಣನ್ನು, ಸಂತಾನಹರಣ ಆಪರೇಷನ್ ಮಾಡಿಸದೆ ಯಾರ ಕೈಗೂ ಕೊಡಬೇಡಿ. ನಾನು ಕೊಟ್ಟೆ.

ಬೆಂಗಳೂರಿನ ತುರಹಳ್ಳಿ ಕಾಡಿನ ಅಂಚಿನ ರಸ್ತೆಯಲ್ಲಿ ಒಂದು ಲ್ಯಾಬ್ರಡಾರ್ ಕೂತಿತ್ತು. ಬೆಳಿಗ್ಗೆ ವಾಕಿಂಗ್ ಹೋದಾಗಲೂ ಅಲ್ಲೇ, ಸಂಜೆ ಹೋದಾಗಲೂ ಅಲ್ಲೇ. ಬಿಳಿ ಕಾರು ಬಂದರೆ ಸಾಕು, ಹಿಂದೆಯೇ ಹತ್ತು ಹೆಜ್ಜೆ ಓಡಿ ನಿಂತು, ವಾಪಸ್ ಬಂದು ಅದೇ ಜಾಗದಲ್ಲಿ ಕೂರುತ್ತಿತ್ತು. ಕತ್ತಿನಲ್ಲಿ ಬೆಲ್ಟ್ ಇಲ್ಲ, ಬೆಲ್ಟ್ ಇದ್ದ ಕಡೆ ಕೂದಲು ಸವೆದ ಗೆರೆ ಇತ್ತು. ಬಿಟ್ಟುಹೋಗುವವರು ಬೆಲ್ಟ್ ಮಾತ್ರ ಮರೆಯದೆ ಬಿಚ್ಚಿಕೊಂಡು ಹೋಗುತ್ತಾರೆ, ಗಮನಿಸಿದ್ದೀರಾ?

ಮೈಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟೆವು. ಮೂಗಿನ ಮೇಲೆ ಒಂದು ಗುಲಾಬಿ ಚುಕ್ಕೆ. ರಕ್ತ ಪರೀಕ್ಷೆ ಮಾಡಿಸಿದರೆ ಟಿಕ್ ಫೀವರ್. ಉಣ್ಣೆ ಹುಳ ಕಚ್ಚಿ ಬರುತ್ತದಲ್ಲ, ಅದೇ. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ. ಪ್ಲೇಟ್‌ಲೆಟ್ ಮೇಲೆ ಬಂದಮೇಲೆ ಸಂತಾನಹರಣ ಆಪರೇಷನ್ ಮಾಡೋಣ ಎಂದರು ಡಾಕ್ಟರ್. ಅಷ್ಟರಲ್ಲಿ ನಮ್ಮ ಮನೆ ಓನರ್ ಕಿರಿಕಿರಿ ಶುರುವಾಗಿತ್ತು. ನನಗೂ ಆತುರ. ದತ್ತು ಕೊಡುವುದಾಗಿ ಪೋಸ್ಟ್ ಹಾಕಿದೆ.

ಬಂದವರು ಗಂಡ, ಹೆಂಡತಿ, ಒಂದು ಮಗು. ಕೈಯಲ್ಲಿ ಬಿಸ್ಕತ್ ಪ್ಯಾಕೆಟ್. ಮಗು ಬೆಲ್ಲಳ ಕತ್ತು ತಬ್ಬಿಕೊಂಡಿತು, ನನ್ನ ಮನಸ್ಸು ಅಲ್ಲೇ ಕರಗಿತು. ಫೋನಿನಲ್ಲಿ ಆತ ಕೇಳಿದ್ದು ಮೂರೇ ಪ್ರಶ್ನೆ: ಹೆಣ್ಣೇ ಅಲ್ವಾ, ವಯಸ್ಸೆಷ್ಟು, ಆಪರೇಷನ್ ಆಗಿಲ್ಲ ತಾನೆ. ಏನು ತಿನ್ನುತ್ತಾಳೆ, ಪಟಾಕಿಗೆ ಹೆದರುತ್ತಾಳಾ, ಇದ್ಯಾವುದೂ ಬೇಕಿರಲಿಲ್ಲ. “ಆಪರೇಷನ್ ಮಾಡಿಸಿದರೆ ದಪ್ಪ ಆಗಿಬಿಡ್ತವೆ, ಪಾಪ” ಎಂದರು. ಎಷ್ಟು ಕಾಳಜಿ ಅಂದುಕೊಂಡೆ. ಆಧಾರ್ ಪ್ರತಿ ಕೇಳೋಕೆ ಸಂಕೋಚ. ವಿಳಾಸ ಬರೆದುಕೊಂಡು ಕಳಿಸಿದೆ.

ಮೊದಲ ವಾರ ಮೂರು ಫೋಟೊ ಬಂದವು. ಆಮೇಲೆ ನಾನು ಕೇಳಿದಾಗ ಮಾತ್ರ ಒಂದೊಂದು. ಕೊನೆಯದರಲ್ಲಿ ಹಿಂದಿನ ಗೋಡೆಯ ಕ್ಯಾಲೆಂಡರ್ ಜೂನ್ ತೋರಿಸುತ್ತಿತ್ತು. ಆಗ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಕೇಳಿದೆ. ಮರುದಿನದಿಂದ ನಂಬರ್ ಸ್ವಿಚ್ ಆಫ್. ವಿಳಾಸ ಹುಡುಕಿ ಹೋದರೆ ಆ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಅಂಥ ಹೆಸರಿನವರೇ ಗೊತ್ತಿಲ್ಲ.

ಹದಿನಾಲ್ಕು ತಿಂಗಳ ಮೇಲೆ, ನೆಲಮಂಗಲದ ಆಚೆ ಹೈವೇ ಪಕ್ಕ ಬಿದ್ದಿದ್ದ ಲ್ಯಾಬ್ರಡಾರ್ ಒಂದರ ಫೋಟೊ ವಾಟ್ಸಾಪಿನಲ್ಲಿ ಬಂತು. ಮೂಗಿನ ಮೇಲೆ ಗುಲಾಬಿ ಚುಕ್ಕೆ.

ಕೊಡುವಾಗ ಇಪ್ಪತ್ತೇಳು ಕೆಜಿ ಇದ್ದಳು, ಸಿಕ್ಕಾಗ ಹದಿನೇಳು. ಮೊಲೆತೊಟ್ಟುಗಳು ಜೋತುಬಿದ್ದಿದ್ದವು. ನಡೆದಾಡದೆ ಉಗುರು ಕೊಕ್ಕೆಯಂತೆ ಬಗ್ಗಿತ್ತು, ಸಿಮೆಂಟ್ ನೆಲದ ಮೇಲೆ ಮಲಗಿ ಮೊಣಕೈ ದಡ್ಡುಗಟ್ಟಿತ್ತು. ಬಾಲದ ಕೆಳಗೆ ಕೀವು. ಪಯೋಮೆಟ್ರಾ, ಅಂದರೆ ಗರ್ಭಕೋಶ ಕೀವು ತುಂಬಿಕೊಳ್ಳುವುದು. ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ಬರುವ ಕಾಯಿಲೆ, ತಡವಾದರೆ ಜೀವ ಹೋಗುತ್ತದೆ. ಅದೇ ರಾತ್ರಿ ಗರ್ಭಕೋಶ ತೆಗೆಸಿದೆವು. ಎರಡು ಸಲವಾದರೂ ಮರಿ ಹಾಕಿಸಿದ್ದಾರೆ ಎಂದರು ಡಾಕ್ಟರ್. ಲೆಕ್ಕ ಸರಿಹೋಗುತ್ತದೆ: ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಬೆದೆ, 63 ದಿನ ಗರ್ಭ, ಒಂದು ಸಲಕ್ಕೆ ಮಾರಲು ಏಳೆಂಟು ಮರಿ. ಬಂಡವಾಳ ಒಂದು ಬಿಸ್ಕತ್ ಪ್ಯಾಕೆಟ್.

ಬ್ರೀಡಿಂಗ್ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಅಂತ 2017ರ ನಿಯಮವಿದೆ. ಇಂಥವರು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಇನ್ನು ಸಾಕಿದ ಪ್ರಾಣಿಯನ್ನು ಉಪವಾಸ ಬೀಳುವಂತೆ ಬಿಟ್ಟುಹೋದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧವೇ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ನಮ್ಮ ಏರಿಯಾದಲ್ಲಿ ಆ ದುಡ್ಡಿಗೆ ಮಸಾಲೆ ದೋಸೆಯೂ ಬರುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಹುಷಾರಿಲ್ಲದೆ ಆಪರೇಷನ್ ಮುಂದೆ ಹೋದರೆ ದತ್ತು ಕೊಡುವುದೂ ಮುಂದೆ. ಓನರ್ ಬೈದರೆ ಬೈಯಲಿ. ನಾಯಿಯನ್ನು ನಾನೇ ಅವರ ಮನೆಗೆ ಕರೆದುಕೊಂಡು ಹೋಗುತ್ತೇನೆ, ಗೇಟಿನಲ್ಲೇ ಕೊಟ್ಟು ಬರುವುದಿಲ್ಲ. ಅಡುಗೆಮನೆವರೆಗೂ ನೋಡುತ್ತೇನೆ, ಮನೆಯ ಹಿರಿಯರು ಒಪ್ಪಿದ್ದಾರಾ ಕೇಳುತ್ತೇನೆ. ಆಧಾರ್ ಪ್ರತಿಯ ಮೇಲೆ ಸಹಿ ಬೇಕು. ನಾಯಿಯ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಹಾಕಿಸಿ, ಅದರ ಗುರುತಿನ ಸಂಖ್ಯೆಯ ನೋಂದಣಿಯಲ್ಲಿ ನನ್ನ ಫೋನ್ ನಂಬರನ್ನೂ ಸೇರಿಸುತ್ತೇನೆ. ಫೋಟೊ ಸಾಲದು, ವಿಡಿಯೊ ಕಾಲ್ ಬೇಕು. ಜೊತೆಗೆ, ಪೋಸ್ಟಿನ ಮೊದಲ ಸಾಲೇ “ಆಪರೇಷನ್ ಆಗಿದೆ” ಅಂತ ಇರುತ್ತದೆ. ಅದನ್ನು ಬರೆಯಲು ಶುರುಮಾಡಿದ ಮೇಲೆ ಬರುವ ಫೋನ್‌ಗಳು ಅರ್ಧಕ್ಕೂ ಕಡಿಮೆ.

ಬೆಲ್ಲ ಈಗ ನಮ್ಮವಳೇ. ಮನೆ ಬದಲಾಯಿಸಿದೆವು. ತೂಕ ಇಪ್ಪತ್ನಾಲ್ಕಕ್ಕೆ ಬಂದಿದೆ. ಒಗೆಯೋಕೆ ಹಾಕಿದ ಕಾಲುಚೀಲ ಮಾತ್ರ ಒಂದೂ ಸಿಗುವುದಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರೆ ಎಲ್ಲವನ್ನೂ ಹೊಟ್ಟೆಗೆ ಒತ್ತಿಕೊಂಡು ಮಲಗಿರುತ್ತಾಳೆ. ಮಗಳು ಬರಿಗಾಲಲ್ಲೇ ಶೂ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಾಳೆ.